ಕಿಲುಬು

ಕೋಟೆ ಎಲ್ಲಿ ಎಂದು ಕೇಳಿದಿರಿ.
ಅಗೋ, ಬಾತುಕೋಳಿ ತೇಲುತ್ತಿದೆಯಲ್ಲ, ಆ ನೀರೇ ಕೋಟೆ.
ಕಂದಕ ಉಳಿದಿದೆ, ಕಲ್ಲು ಒಂದಿಷ್ಟು.
ಗೋಡೆ, ಗೋಪುರ, ಹೆಬ್ಬಾಗಿಲನ್ನೆಲ್ಲ
ಆರನೆಯ ವರ್ಷಕ್ಕೇ ಎದೋದಿಂದ ಬಂದ
ಒಂದು ಹಾಳೆ ಅಪ್ಪಣೆ ನುಂಗಿತು.
ಕಟ್ಟಿಸಿದ ದೊರೆ ಪುಣ್ಯವಂತ,
ಅದನ್ನು ನೋಡಲು ಉಳಿದಿರಲಿಲ್ಲ.

ಕೋಟೆಯಿಲ್ಲದ ಕೋಟೆಯೂರು ಇನ್ನೇನು ಮಾಡೀತು?
ಕತ್ತಿಯವರು ಗಂಟುಮೂಟೆ ಕಟ್ಟಿ ಕನಜಾವಾದ ದಾರಿ ಹಿಡಿದರು.
ಉಳಿದವರು ನಾವು,
ಊರಿಗೆ ಕಿಡಿ ಹಾರದಿರಲೆಂದು
ಸೆಂಬೊ ಹೊಳೆಯ ಈಚೆ ದಡಕ್ಕೆ ತಂದು ಕೂರಿಸಿದ
ಏಳು ಮನೆ ಎರಕದವರು.
ಮೊದಲು ನೇಗಿಲ ಗುಳ, ಅನ್ನದ ಕಡಾಯಿ,
ಹೆರಿಂಗ್ ಮೀನು ಬೇಯಿಸುವ ಹಂಡೆ;
ದೇವರ ಸರದಿ ಬಂದದ್ದು ಆಮೇಲೆ.
ತಮಾಷೆ ನೋಡಿ: ನನ್ನ ಗಂಡನ ಮುತ್ತಜ್ಜಿಯ ಕಾಲದಲ್ಲಿ
ಹೊಳೆಯಾಚೆ ಊರಿಗೆ ಊರೇ ಉರಿದಾಗ
ಕಿಡಿ ಹಾರಿದ್ದು ನಮ್ಮ ಕುಲುಮೆಯಿಂದಲ್ಲ.

ದಿಕ್ಕು ಹೇಳಲೇ? ಎಡಕ್ಕೊಂದು ನದಿ, ಬಲಕ್ಕೊಂದು ನದಿ,
ನಡುವೆ ತಕಾಓಕಾ. ತಲೆಯ ಕಡೆ ಕೊಲ್ಲಿ.
ಅಮಹರಾಶಿಯ ದಂಡೆಯಲ್ಲಿ ನಿಂತರೆ
ಸಮುದ್ರದ ಮೇಲೆ ಹಿಮಬೆಟ್ಟಗಳ ಸಾಲು,
ಯಾರೋ ಒಗೆದು ಹರವಿ, ಮರೆತು ಹೋದ ಹಾಗೆ.
ಕಂಡರೆ. ಹೆಚ್ಚಿನ ದಿನ ಕಾಣುವುದಿಲ್ಲ.
ಬುತ್ತಿ ಮರೆತರೂ ಕೊಡೆ ಮರೆಯಬೇಡ,
ಇಲ್ಲಿ ಮಕ್ಕಳಿಗೆ ಹೇಳುವ ಮೊದಲ ಬುದ್ಧಿ ಇದು.
ಸೈಬೀರಿಯಾದ ಗಾಳಿ ದಾರಿಯುದ್ದ ಕಡಲು ಕುಡಿದು
ಬೆಟ್ಟಕ್ಕೆ ಹಣೆ ಬಡಿದು
ನಮ್ಮ ಮೇಲೆ ಕಾರಿಕೊಳ್ಳುತ್ತದೆ.
ಡಿಸೆಂಬರಿನಲ್ಲಿ ಗುಡುಗಿದರೆ ಬೆಸ್ತರು ನಗುತ್ತಾರೆ:
ಬುರಿ ಮೀನು ಎದ್ದಿತು!
ಹಿಮ ಕರಗಲೆಂದು ರಸ್ತೆಯ ನಡುವೆ ನೆಲದ ನೀರು ಚಿಮ್ಮಿಸುತ್ತಾರೆ,
ಅದರ ಕಬ್ಬಿಣ ಡಾಂಬರಿಗೆ ಹತ್ತಿ
ಬೇಸಿಗೆಯಲ್ಲೂ ನಮ್ಮ ಬೀದಿಗಳದು ತುಕ್ಕು ಬಣ್ಣ.
ತೊಳೆಯುವ ಗೋಜಿಗೆ ಯಾರೂ ಹೋಗುವುದಿಲ್ಲ.

ನಾನು ಬಣ್ಣದವಳು.
ಎರಕ ಗಂಡಸರದು ಎಂದಿದ್ದರು; ಬಣ್ಣವೂ ಅವರದೇ ಆಗಿತ್ತು,
ಅತ್ತೆ ಸುಯೆ ಕುಂಚ ಕಸಿದುಕೊಳ್ಳುವ ತನಕ.
ಬೇರೆ ಊರವರು ಹುಳಿ ಹಚ್ಚಿ ತಿಕ್ಕಿ ತೆಗೆಯುವ ಕಿಲುಬನ್ನು
ನಾವು ಸಾಕುತ್ತೇವೆ.
ಹಳಸಿದ ತೌಡಿನ ಮಡ್ಡಿ ಮೆತ್ತಿ ಬೆಂಕಿಗೆ ಹಿಡಿಯುತ್ತೇವೆ,
ಮೂಲಂಗಿ ತುರಿದು ರಸ ಸವರುತ್ತೇವೆ.
ನೂರು ವರ್ಷದ ಹಸಿರು ಕೆಲವೇ ದಿನಗಳಲ್ಲಿ.
ಮೋಸವಲ್ಲವೇ ಎಂದೀರಿ.
ಅಲ್ಲ. ಹೇಗೂ ಬರುವುದನ್ನು ಸ್ವಲ್ಪ ಬೇಗ ಕರೆಯುವುದು, ಅಷ್ಟೆ.

ಯುದ್ಧದ ನಡುವೆ ಒಂದು ವರ್ಷ
ಇಲ್ಲಿ ಹುಟ್ಟಿದ ಗಂಟೆಗಳು ತವರಿಗೆ ಬಂದವು.
ಗುಡಿಗಳಿಂದ ಇಳಿಸಿ, ಯೋಧರಿಗೆ ಕಟ್ಟುವಂತೆ ಬಿಳಿ ಪಟ್ಟಿ ಕಟ್ಟಿ,
ಗೂಡ್ಸ್ ನಿಲ್ದಾಣದಲ್ಲಿ ಸಾಲಾಗಿ ಕೂರಿಸಿದ್ದರು.
ಸುಯೆಯ ಮಾವ ಇಸಾಬುರೊ
ಪಹರೆಯವನಿಗೆ ಒಂದು ಶೀಶೆ ಅಕ್ಕಿಸಾರಾಯಿ ಕೊಟ್ಟು ರಾತ್ರಿ ನುಸುಳಿ
ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಾನಿಸಿ,
ಬರೆದುಕೊಂಡ: ಊರು, ತೂಕ, ದನಿ.
ಸಂಗೀತ ಬಲ್ಲವನಲ್ಲ.
'ಎತ್ತು ಉಸಿರು ಬಿಟ್ಟಂತೆ.'
'ಗದ್ದೆಯಾಚೆಯಿಂದ ಅಕ್ಕ ಕರೆದಂತೆ.'
'ಕೊನೆಗೆ ಸ್ವಲ್ಪ ಅಳು.'

ಎಲ್ಲ ಮುಗಿದ ಮೇಲೆ ಗುಡಿಯವರು ಬಂದರು,
ದುಡ್ಡಿಲ್ಲ, ಬೆನ್ನ ಮೇಲೆ ಅಕ್ಕಿ,
ನಮ್ಮ ಗಂಟೆ ನಮಗೆ ಬೇಕು ಎಂದು.
ಅವನು ಪುಸ್ತಕ ಬಿಚ್ಚಿಟ್ಟು ಎರೆದ.
ನೋತೊ ಕಡೆಯ ಒಬ್ಬ ಮುದುಕಿ ಬಾರಿಸಿ ನೋಡಿ
ಇದಲ್ಲ, ಅಂದಳಂತೆ.
ಆದರೂ ಕೊಡಿ, ಇದಕ್ಕೂ ಒಂದು ಊರು ಬೇಕಲ್ಲ.

ಆ ಪುಸ್ತಕ ಈಗ ನನ್ನ ಕುಂಚಗಳ ಅಡಿಯಲ್ಲಿದೆ.
ಒಂದು ಪುಟಕ್ಕೆ ಊರಿಲ್ಲ, ತೂಕವಿಲ್ಲ,
'ಮಳೆ ಬರುತ್ತಿತ್ತು. ಸರಿಯಾಗಿ ಕೇಳಿಸಲಿಲ್ಲ.'
ಅದೊಂದನ್ನು ಕೇಳಿಕೊಂಡು ಇವತ್ತಿಗೂ ಯಾರೂ ಬಂದಿಲ್ಲ.

ಹೊರಟಿರಾ? ಟ್ರಾಮ್ ಇನ್ನು ಹತ್ತು ನಿಮಿಷಕ್ಕೆ.
ಕೊಡೆ ಬಾಗಿಲ ಹಿಂದಿದೆ.
ನಿಮ್ಮದಲ್ಲದಿದ್ದರೂ ತೆಗೆದುಕೊಳ್ಳಿ.